ನನ್ನ ಕೈ ಇರಲಿಲ್ಲವೇ

ಮಾರ್ಗನ್ ಹಿಲ್
ಗುರುವಾರ, ಅಕ್ಟೋಬರ್ ೯, ೨೦೨೫

ಯಜಮಾನರಿಗೆ, ನಿಮ್ಮ ನಂಜಮ್ಮ ಏಳು ಸಮುದ್ರದ ಆಚೆಯಿಂದ ಮಾಡುವ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಗಿರಣಿಯಲ್ಲಿ ನಿಂತಾಗ ಮೂಗಿಗೆ ಟವೆಲ್ ಕಟ್ಟಿಕೊಳ್ಳಿ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ನೀವು ಅದನ್ನು ಹೆಗಲ ಮೇಲೆ ಹಾಕಿಕೊಂಡು ಮೆರೆಯುತ್ತೀರಿ. ಹಿಟ್ಟಿನ ಧೂಳು ಹೆಗಲಿನಿಂದ ಒಳಗೆ ಹೋಗುವುದಿಲ್ಲ ಸ್ವಾಮಿ, ಮೂಗಿನಿಂದ ಹೋಗುತ್ತದೆ. ಶುಗರ್ ಮಾತ್ರೆ ತಪ್ಪಿಸಬೇಡಿ. ದಸರಾ ಮುಗಿಯಿತಲ್ಲ, ವಸ್ತುಪ್ರದರ್ಶನಕ್ಕೆ ಹೋಗಿ ಮೆಣಸಿನಕಾಯಿ ಬಜ್ಜಿ, ದೆಹಲಿ ಹಪ್ಪಳ ಎಲ್ಲ ತಿಂದಿರುತ್ತೀರಿ, ನಿಮ್ಮ ದನಿ ಕೇಳಿದರೇ ನನಗೆ ಗೊತ್ತಾಗುತ್ತದೆ. ಇಲ್ಲಿ ನಾವೆಲ್ಲ ಆರೋಗ್ಯ. ಮೊಮ್ಮಗ ಕುಶಲ್‌ಗೆ ನೆಗಡಿ ಬಂದು ಹೋಯಿತು. ಅಳಿಯಂದಿರು ಎಂದಿನಂತೆ ಲ್ಯಾಪ್‌ಟಾಪಿನ ಮುಂದೆ. ಬೆಳಿಗ್ಗೆ ಹೊತ್ತು ಚಳಿ ಶುರುವಾಗಿದೆ, ಮಧ್ಯಾಹ್ನ ಮಾತ್ರ ನಮ್ಮ ಇಟ್ಟಿಗೆಗೂಡು ಬಡಾವಣೆಯ ಬಿಸಿಲೇ. ನನ್ನ ಮಂಡಿ ಪರವಾಗಿಲ್ಲ.

ದಿನಾ ಫೋನು ಮಾಡುವವಳು ಕಾಗದ ಯಾಕೆ ಬರೆದಳು ಎಂದು ನೀವು ಹುಬ್ಬೇರಿಸಿರುತ್ತೀರಿ. ಏನು ಮಾಡಲಿ, ನೀವು ಫೋನು ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀರಿ. ಹೋದ ವಾರ ನಾನು, ರೀ ಒಂದು ವಿಷಯ ಹೇಳಬೇಕು ಎಂದು ಶುರು ಮಾಡಿದರೆ ರಾಗಿ ಬೀಸಿಸಲು ಬಂದ ಯಾವಳೋ, ಏನಂತೆ ಸಿಸ್ಟರಮ್ಮ ಎಂದು ನಿಮಗಿಂತ ಮೊದಲು ಕೇಳಿದಳು. ಇಲ್ಲಿ ನೋಡಿದರೆ ಮನೆಯ ಗೋಡೆಗಳು ರಟ್ಟಿನವು. ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಮಹಡಿಯ ಮೇಲೆ ಕೇಳಿಸುತ್ತದೆ. ಪಕ್ಕದ ಮನೆಯ ನಸೀಮಾ ಇವತ್ತು ಸಂಜೆ ಊರಿಗೆ ಹೊರಡುತ್ತಾಳೆ, ನಮ್ಮ ಉದಯಗಿರಿಯ ಹುಡುಗಿಯೇ. ಗಿರಣಿಗೇ ಬಂದು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಅವಳಿಗೆ ಬರೀ ಕಾಫಿ ಕೊಟ್ಟು ಕಳಿಸಬೇಡಿ, ಏನಾದರೂ ತಿನ್ನಲು ತರಿಸಿ. ಮತ್ತೆ ಈ ಕಾಗದವನ್ನು ಯಾರೆದುರಿಗೂ ಗಟ್ಟಿಯಾಗಿ ಓದಬೇಡಿ.

ಬಳಸಿ ಸುತ್ತಿ ಹೇಳುವುದಿಲ್ಲ. ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ. ನಿಮ್ಮ ತಂಗಿ ಕಾಸಿನ ಸರ ಮಾಡಿಸಿಕೊಂಡಾಗ ಆಗಿತ್ತಲ್ಲ, ಅದೆಲ್ಲ ಇದರ ಮುಂದೆ ಏನೇನೂ ಅಲ್ಲ. ಕೂತರೆ ನಿಂತರೆ ಉರಿಯುತ್ತದೆ. ಯಾರ ಮೇಲೆ ಎಂದರೆ ಕೋರಾ ಎನ್ನುವ ಒಬ್ಬಳ ಮೇಲೆ. ಮಗಳು ನಿಸರ್ಗಾ ಕೆಲಸ ಮಾಡುವ ಮಕ್ಕಳ ವಾರ್ಡಿನಲ್ಲೇ ಅವಳೂ ನರ್ಸು. ಫಿಲಿಪೀನ್ಸಿನವಳು, ಈ ದೇಶಕ್ಕೆ ಬಂದು ಎಷ್ಟೋ ವರ್ಷವಾಗಿದೆ. ನನ್ನದೇ ವಯಸ್ಸು. ನನ್ನ ವಯಸ್ಸಿನವಳು ಇನ್ನೂ ಹಸಿರು ಬೂಟು ಹಾಕಿಕೊಂಡು ವಾರ್ಡಿನಲ್ಲಿ ಓಡಾಡುತ್ತಿದ್ದಾಳೆ! ನನಗೆ ಅರವತ್ತು ತುಂಬಿದ ತಿಂಗಳೇ ಗಂಧದ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದು ಮನೆಗೆ ಕಳಿಸಿದರು. ಇಲ್ಲಿ ಕೈಲಾಗುವ ತನಕ ಕೆಲಸ ಮಾಡಬಹುದಂತೆ, ಯಾರೂ ಏಳು ಎನ್ನುವುದಿಲ್ಲವಂತೆ. ಹೊಟ್ಟೆ ಉರಿಯಲು ಅದೊಂದೇ ಸಾಕಿತ್ತು, ಆದರೆ ಕೋರಾ ಅಷ್ಟಕ್ಕೇ ನಿಲ್ಲಿಸಲಿಲ್ಲ.

ಈ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಕೋರಾ ಹಾಗಂದಳು, ಕೋರಾ ಹೀಗಂದಳು. ಕುಶಲ್‌ಗೆ ಕೆಮ್ಮು ಬಂದರೆ ಕೋರಾ ಏನೋ ಹೇಳಿದಳಂತೆ, ಜೇನುತುಪ್ಪ. ನಾನು ಅದನ್ನೇ ಹಿಂದಿನ ದಿನ ಹೇಳಿದ್ದೆ, ಯಾರ ಕಿವಿಗೂ ಬಿದ್ದಿರಲಿಲ್ಲ. ಮೂವತ್ತು ವರ್ಷದ ಮೇಲೆ ಮಕ್ಕಳ ವಾರ್ಡಿನಲ್ಲಿ ದುಡಿದವಳು ನಾನು. ಹೊಸ ಡಾಕ್ಟರುಗಳು ಮಗುವಿನ ಕೈಯಲ್ಲಿ ನರ ಸಿಗದೆ ಬೆವತುಕೊಂಡಾಗ, ನಂಜಮ್ಮ ಸಿಸ್ಟರ್ ಎಲ್ಲಿ ಎಂದು ಹುಡುಕಿಕೊಂಡು ಬರುತ್ತಿದ್ದರು. ಅಂಥ ತಾಯಿಯನ್ನು ಮನೆಯಲ್ಲೇ ಇಟ್ಟುಕೊಂಡು ಈ ಹುಡುಗಿ ಬೇರೆಯವರ ಬಾಯಿ ನೋಡುತ್ತಾಳೆ. ಇನ್ನು ಮೊಮ್ಮಗನ ವಿಷಯ ಕೇಳಿ. ಅವನು ಕೋರಾಳನ್ನು ಲೋಲಾ ಎಂದು ಕರೆಯುತ್ತಾನೆ. ಅದೇನೋ ಮುದ್ದಿನ ಹೆಸರಿರಬೇಕು ಎಂದುಕೊಂಡಿದ್ದೆ. ಅವರ ಭಾಷೆಯಲ್ಲಿ ಲೋಲಾ ಎಂದರೆ ಅಜ್ಜಿ ಎಂದರ್ಥವಂತೆ! ಅವಳ ಬೆಳ್ಳುಳ್ಳಿ ಅನ್ನ ಪ್ಲೇಟುಗಟ್ಟಲೆ ತಿನ್ನುವವನು ನನ್ನ ಉಪ್ಸಾರಿಗೆ 'ನೋ ಥ್ಯಾಂಕ್ಯೂ ಅಜ್ಜಿ' ಎನ್ನುತ್ತಾನೆ. ಥ್ಯಾಂಕ್ಯೂ ಬೇರೆ.

ಇದೆಲ್ಲ ನಗೆಯ ಮಾತು ಎಂದು ನೀವು ನಗುತ್ತಿರಬಹುದು. ಮುಂದಿನದು ನಗುವ ಮಾತಲ್ಲ. ನಿಸರ್ಗಾ ಈ ಕೆಲಸ ಬಿಡುವ ಯೋಚನೆಯಲ್ಲಿದ್ದಾಳೆ, ಸ್ಯಾನ್ ರಮೋನಿನ ಆಫೀಸು ಕೆಲಸಕ್ಕೆ ಸೇರುತ್ತಾಳೆ ಎನ್ನುವಷ್ಟು ಮಾತ್ರ ನಿಮಗೆ ಗೊತ್ತು. ಯಾಕೆ ಎಂದು ಅವಳು ನಿಮಗೆ ಹೇಳಿಲ್ಲ. ನನಗೂ ಅಳಿಯಂದಿರು ಹೇಳಿದ ಮೇಲೆಯೇ ತಿಳಿದದ್ದು.

ನಾನು ಇಲ್ಲಿಗೆ ಬರುವ ಸ್ವಲ್ಪ ಮೊದಲು ಒಂದು ಕೂಸು ವಾರ್ಡಿಗೆ ಬಂತಂತೆ. ವರ್ಷ ತುಂಬಿರಲಿಲ್ಲ. ವಾಂತಿ, ಭೇದಿ ಆಗಿ ಮೈಯಲ್ಲಿ ನೀರೇ ಇಲ್ಲ. ಅಂಥ ಮಕ್ಕಳ ಕೈಯಲ್ಲಿ ನರ ಹುಡುಕುವುದು ಎಷ್ಟು ಕಷ್ಟ ಎಂದು ನಾನು ನಿಮಗೆ ಹೇಳಿದ್ದು ಒಂದು ಸಲವೇ, ಎರಡು ಸಲವೇ. ತಂದೆತಾಯಿ ಬೆಂಗಳೂರಿನ ಕಡೆಯವರಂತೆ, ಹೆಸರು ಕೇಳಿದರೆ ಮಗಳು ಹೇಳುವುದಿಲ್ಲ, ಇಲ್ಲಿ ಹಾಗೆಲ್ಲ ಹೇಳಬಾರದಂತೆ. ನಿಸರ್ಗಾ ಕನ್ನಡದವಳು ಎಂದು ಗೊತ್ತಾಗಿ ಅವರಿಗೆ ಹೋದ ಜೀವ ಬಂದಂತಾಯಿತಂತೆ, ನಮ್ಮವರೇ ಸಿಕ್ಕರು ಎಂದು. ಡ್ರಿಪ್ ಹಾಕಲು ಇವಳು ಸೂಜಿ ಚುಚ್ಚಿದಳು, ನರ ತಪ್ಪಿತು. ಇನ್ನೊಮ್ಮೆ ಚುಚ್ಚಿದಳು, ಆಗಲೂ ತಪ್ಪಿತು. ಕೂಸು ಅಳಲು ಕೂಡ ತ್ರಾಣವಿಲ್ಲದೆ ಬಾಯಿ ಬಿಡುತ್ತಿತ್ತಂತೆ. ಆಗ ಮಗುವಿನ ತಂದೆ ಕನ್ನಡದಲ್ಲೇ ಹೇಳಿದನಂತೆ, "ಸಿಸ್ಟರ್, ನೀವ್ ಬಿಟ್ಬಿಡಿ. ಕೆಲಸ ಬರೋರ್ನ ಯಾರ್ನಾದ್ರೂ ಕಳ್ಸಿ." ಅವನನ್ನು ಬೈಯಲಾರೆ, ಕರುಳಿನ ಸಂಕಟ. ಇವಳು ಹೊರಗೆ ಬಂದು ಕೋರಾಳನ್ನು ಕರೆದಳು. ಕೋರಾ ಒಳಗೆ ಹೋದಳು, ಮೊದಲ ಸಲಕ್ಕೇ ನರ ಸಿಕ್ಕಿತು. ಮಗು ಹುಷಾರಾಗಿ ಮನೆಗೂ ಹೋಯಿತು. ಇವಳು ಮಾತ್ರ ಆ ದಿನ ಕಾರಿನಲ್ಲಿ ಕೂತು ಅತ್ತವಳು ಆಮೇಲೆ ಸರಿಹೋಗಲಿಲ್ಲ. ಇಂಗ್ಲಿಷಿನಲ್ಲಿ ಯಾರು ಏನಂದರೂ ಕೊಡವಿಕೊಂಡು ಬರುತ್ತಿದ್ದವಳು. ಇದು ಕನ್ನಡದಲ್ಲಿ ಬಂತು, ನೇರ ಒಳಗೆ ಹೋಗಿ ಕೂತುಬಿಟ್ಟಿತು.

ಇಲ್ಲಿ ಅವರದೊಂದು ಪದ್ಧತಿಯಿದೆ. ಒಬ್ಬ ನರ್ಸು ಒಂದು ಮಗುವಿಗೆ ಎರಡೇ ಸಲ ಚುಚ್ಚಬಹುದು. ಎರಡೂ ತಪ್ಪಿದರೆ ಸೂಜಿ ಕೆಳಗಿಟ್ಟು ಇನ್ನೊಬ್ಬರನ್ನು ಕರೆಯಬೇಕು. ಅದರಲ್ಲಿ ಅವಮಾನವಿಲ್ಲ, ದೊಡ್ಡ ದೊಡ್ಡವರೂ ಹಾಗೇ ಮಾಡುತ್ತಾರಂತೆ. ಚುಚ್ಚುವಾಗ ತಾಯಿಯನ್ನು ಹೊರಗೆ ಕಳಿಸುವ ಹಾಗಿಲ್ಲ, ಮಗು ಅವಳ ತೊಡೆಯ ಮೇಲೇ ಇರಬೇಕು. ಕೋಣೆಯಲ್ಲಿ ಎಷ್ಟು ಜನರಿದ್ದರೂ ಮಗುವಿನ ಜೊತೆ ಒಬ್ಬರೇ ಮಾತಾಡಬೇಕು, ಉಳಿದವರ ಬಾಯಿಗೆ ಬೀಗ. ಎಲ್ಲಕ್ಕಿಂತ ಹೆಚ್ಚಾಗಿ, ನೋವಾಗುವುದಿಲ್ಲ ಎಂದು ಸುಳ್ಳು ಹೇಳಬಾರದು. ನೋವಾಗುತ್ತದೆ, ಅಳಬೇಕೆನಿಸಿದರೆ ಅಳು, ಕೈ ಮಾತ್ರ ಎಳೆದುಕೊಳ್ಳಬೇಡ ಎಂದು ಹೇಳಬೇಕು. ಕೇಳಿ ನನಗೆ ನಗು ಬಂತು. ನಮ್ಮ ವಾರ್ಡಿನಲ್ಲಿ ತಾಯಿಯನ್ನು ಕಾರಿಡಾರಿಗೆ ಕಳಿಸಿ, ಮಗುವನ್ನು ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿ, ಆಯಾ ಕಾಲು ಹಿಡಿದು, ನಾನು, ಇರುವೆ ಕಚ್ಚಿದ ಹಾಗಷ್ಟೇ ಪುಟ್ಟಾ, ಆಯ್ತು ಆಯ್ತು ಎನ್ನುತ್ತಾ ಇನ್ನೂ ಸೂಜಿಯ ಮುಚ್ಚಳ ತೆಗೆಯುತ್ತಿರುತ್ತಿದ್ದೆ. ನರ ಸಿಗುವ ತನಕ ಚುಚ್ಚುವುದೇ. ಬಿಟ್ಟುಕೊಟ್ಟರೆ ಮುಂದಿನ ಮಂಚದಲ್ಲಿ ಇನ್ನೊಂದು ಮಗು ಕಾದಿರುತ್ತಿತ್ತು, ಕರೆಯಲು ಇನ್ನೊಬ್ಬ ಸಿಸ್ಟರ್ ಇರುತ್ತಿರಲಿಲ್ಲ.

ಈಗ ನಿಸರ್ಗಾ ಏನು ಮಾಡುತ್ತಿದ್ದಾಳೆಂದರೆ, ಎರಡು ಸಲ ಇರಲಿ, ಒಂದು ಸಲವೂ ಚುಚ್ಚುವುದಿಲ್ಲ. ಡ್ರಿಪ್ ಹಾಕಬೇಕು ಎಂದ ಕೂಡಲೇ ಬಾಗಿಲ ಹೊರಗೇ ನಿಂತು ಕೋರಾಳನ್ನು ಕರೆಯುತ್ತಾಳೆ. ತಟ್ಟೆ ಸಿದ್ಧ ಮಾಡುವುದು ಇವಳು, ಮಗುವಿಗೆ ಸಮಾಧಾನ ಹೇಳುವುದು ಇವಳು, ಚುಚ್ಚುವುದು ಕೋರಾ. ಜೊತೆಯವರು ಗಮನಿಸಿದ್ದಾರೆ. ಮೇಲಿನವಳು ಒಮ್ಮೆ ಕರೆದು ಮೆತ್ತಗೆ ಕೇಳಿದಳಂತೆ. ಅದೇ ಹೊತ್ತಿಗೆ ಸರಿಯಾಗಿ ಈ ಸ್ಯಾನ್ ರಮೋನಿನ ಇನ್ಶೂರೆನ್ಸ್ ಆಫೀಸು ಸಿಕ್ಕಿತು. ಕಿವಿಗೆ ಫೋನು ಸಿಕ್ಕಿಸಿಕೊಂಡು, ಫೋನು ಮಾಡಿದ ಕಾಯಿಲೆಯವರನ್ನು, ಜ್ವರ ಎಷ್ಟಿದೆ, ಎಷ್ಟು ದಿನದಿಂದ ಎಂದು ಕೇಳುವ ಕೆಲಸ. ವಾರದಲ್ಲಿ ಒಂದೆರಡು ದಿನ ಫ್ರೀವೇ ಹಿಡಿದು ಹೋಗಿಬಂದರೆ ಸಾಕು, ಉಳಿದ ದಿನ ಮನೆಯಿಂದಲೇ. ಅಳಿಯಂದಿರು ಸೇರು ಎನ್ನುತ್ತಾರೆ, ಹೆಂಡತಿ ಅಳುವುದನ್ನು ನೋಡಲಾಗದೆ. ನೀವಂತೂ, ಸೂಜಿ ಚುಚ್ಚೋದು ತಪ್ಪಿ ಕುರ್ಚಿ ಕೆಲಸ ಸಿಕ್ತಲ್ಲ ಮಗಳೇ ಎಂದು ಫೋನಿನಲ್ಲೇ ಕುಣಿದಿರಿ.

ನನಗೂ ಮೊದಲು ಖುಷಿಯೇ ಆಯಿತು. ನಿಮ್ಮ ಹಾಗೆ ಕುರ್ಚಿಗಾಗಿ ಅಲ್ಲ. ಅಲ್ಲಿಗೆ ಸೇರಿದರೆ ಈ ಕೋರಾಳ ಸಹವಾಸ ತಪ್ಪುತ್ತದಲ್ಲ ಎಂದು. ಆ ಕುರ್ಚಿ ಕೆಲಸ ಬೇಡವೇ ಬೇಡ ಎಂದು ಕೋರಾ ಹೇಳುತ್ತಿದ್ದಾಳೆ ಎಂದು ಗೊತ್ತಾದ ಮೇಲಂತೂ, ಸೇರೇ ಸೇರು ಎಂದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹೇಳಲಾಗಲಿಲ್ಲ. ಇಷ್ಟಪಟ್ಟು ಕುರ್ಚಿಗೆ ಹೋಗುವವರು ಇದ್ದಾರೆ, ಅವರು ಸುಖವಾಗಿಯೂ ಇದ್ದಾರೆ. ಹೆದರಿ ಹೋದವರನ್ನೂ ನಾನು ನಮ್ಮ ಆಸ್ಪತ್ರೆಯಲ್ಲಿ ನೋಡಿದ್ದೇನೆ. ಊಟದ ಹೊತ್ತಿಗೆ ವಾರ್ಡಿನ ಬಾಗಿಲಿಗೆ ಬಂದು ಇಣುಕಿ ಇಣುಕಿ ನೋಡುತ್ತಿದ್ದರು. ನನ್ನ ಮಗಳು ಹಾಗೆ ಇಣುಕುವುದು ನನಗೆ ಬೇಡ. ಅವಳು ಉಳಿಯಬೇಕು. ಆದರೆ ಉಳಿಸಿದವಳು ನಾನಾಗಿರಬೇಕು, ಕೋರಾ ಅಲ್ಲ. ನನ್ನ ಆಸೆ ಇಷ್ಟೇ, ನೀವು ಏನಾದರೂ ಅಂದುಕೊಳ್ಳಿ.

ದಸರೆಗೆ ಇಲ್ಲಿಯೂ ಗೊಂಬೆ ಕೂರಿಸಿದ್ದೆವು. ಪಟ್ಟದ ಗೊಂಬೆಗಳ ಜೊತೆ ಕುಶಲನ ಡೈನೋಸಾರುಗಳೂ ಮೆಟ್ಟಿಲು ಹತ್ತಿ ಕೂತಿದ್ದವು. ಹಬ್ಬದ ನಡುವಿನ ಭಾನುವಾರ ನಿಸರ್ಗಾ ಕೋರಾಳನ್ನು ಊಟಕ್ಕೆ ಕರೆದಳು. ನಾನು ಬೇಕೆಂದೇ ಕಾರ ಜಾಸ್ತಿ ಹಾಕಿದೆ. ಅವಳು ಬಂದವಳೇ ಬೂಟು ಬಿಚ್ಚಿಟ್ಟು, ಗೊಂಬೆಗಳ ಮುಂದೆ ನೆಲದ ಮೇಲೇ ಕೂತು ಒಂದೊಂದರ ಕಥೆಯನ್ನೂ ಕೇಳಿದಳು. ಚಮಚ ಕೊಟ್ಟರೆ ಪಕ್ಕಕ್ಕಿಟ್ಟು ಕೈಯಲ್ಲೇ ಊಟ ಮಾಡಿದಳು, ಅವರ ಊರಿನಲ್ಲೂ ಹಾಗೆಯೇ ಅಂತೆ. ಹುಳಿಯನ್ನ ಕಲಸಿದ್ದು ನೋಡಿದರೆ ನಮ್ಮ ಅಳಿಯಂದಿರಿಗಿಂತ ಚೆನ್ನಾಗಿ ಕಲಸುತ್ತಾಳೆ. ಕಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಬಡಿಸಿಕೊಂಡಳು. ಇಂಥವಳ ಮೇಲೆ ಒಂದು ತಪ್ಪಾದರೂ ಹೊರಿಸೋಣವೆಂದರೆ ಸಿಗಬಾರದೇ? ಅಷ್ಟರಲ್ಲಿ ಅವಳು ಊಟಕ್ಕೆಂದು ತೋಳು ಮಡಿಸಿದ್ದಳಲ್ಲ, ಮೊಣಕೈಯ ಒಳಗಡೆ ನೀಲಿ ಕಲೆ ಕಾಣಿಸಿತು. ಸೂಜಿ ತಪ್ಪಿ ರಕ್ತ ಒಳಗೇ ಹರಡಿದ ಕಲೆ. ನನ್ನ ಕಣ್ಣಿಗೆ ಅದು ಹೇಗೆ ತಪ್ಪುತ್ತದೆ? ನನ್ನ ವಾರ್ಡಿನ ಇಂಗ್ಲಿಷಿನಲ್ಲಿ, ಏನಾಯಿತು ಕೈಗೆ, ರಕ್ತ ಪರೀಕ್ಷೆಯೇ ಎಂದು ಕೇಳಿದೆ. ಅವಳು ನಗುತ್ತಾ ನಿಸರ್ಗಾಳ ಕಡೆ ಬೆರಳು ತೋರಿಸಿದಳು, ನಿನ್ನ ಮಗಳದೇ ಕೆಲಸ ಎಂದು. ನಿಸರ್ಗಾ ತಟ್ಟೆಯಿಂದ ತಲೆ ಎತ್ತಲಿಲ್ಲ.

ವಿಷಯ ಇಷ್ಟು. ಕೋರಾ ರಜದ ದಿನಗಳಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಹೇಳುತ್ತಾಳಂತೆ. ಕಲಿಸಲು ಬೇಕಾದ ಸೂಜಿ, ಹತ್ತಿ, ಪಟ್ಟಿ ಎಲ್ಲ ಅವಳ ಮನೆಯಲ್ಲೇ ಇರುತ್ತವೆ. ಅಭ್ಯಾಸ ಬಿಟ್ಟುಹೋಗಬಾರದು, ಹೆದರಿಕೆ ಹೋಗಬೇಕು ಎಂದು ಇವಳನ್ನು ಮನೆಗೆ ಕರೆಸಿ, ತನ್ನ ಕೈಯನ್ನೇ ಮುಂದೆ ಚಾಚಿದ್ದಾಳೆ. ಇವಳು ಅವಳ ಕೈಗೆ ಚುಚ್ಚಿ ಚುಚ್ಚಿ ಬಂದಿದ್ದಾಳೆ. ನಾನು ಮಾತ್ರ ಅವರೆಕಾಯಿ ಸಿಗದ ಈ ಊರಿನ ಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದೇನೆ.

ಕೋರಾ ಹೋದ ಮೇಲೆ ಪಾತ್ರೆ ತೊಳೆಯುತ್ತಾ ನನಗೆ ತಡೆಯಲಾಗಲಿಲ್ಲ. ಪಾತ್ರೆಗಳ ಸದ್ದಿನಲ್ಲೇ ನನ್ನ ಸಿಟ್ಟು ಅರ್ಧ ಹೊರಗೆ ಬಂದಿತ್ತು. ನಿಸರ್ಗಾ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತಳು. "ಯಾಕೆ, ನಂದೇನು ಕೈ ಇರ್ಲಿಲ್ವಾ?" ಎಂದೆ. ಅವಳು ಕೈಯಲ್ಲಿದ್ದ ತಟ್ಟೆ ಒರೆಸಿಟ್ಟಳು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದಕ್ಷರವನ್ನೂ ನಾನು ಮರೆತಿಲ್ಲ. "ನಿಂಗೆ ನೋವಾದ್ರೆ ನೀನು ಹೇಳಲ್ಲಮ್ಮ. ಚೆನ್ನಾಗ್ ಮಾಡ್ದೆ ಕಣೇ ಅಂತೀಯ. ಕೋರಾ ನೋವಾದ್ರೆ ನೋವಾಯ್ತು ಅಂತಾಳೆ, ತಪ್ಪಿದ್ರೆ ತಪ್ಪಿತು ಅಂತಾಳೆ, ಆಮೇಲೆ ಇನ್ನೊಂದ್ಸಲ ಕೈ ಕೊಡ್ತಾಳೆ. ನಂಗೀಗ ಬೇಕಾಗಿರೋದು ಅದು."

ಆಮೇಲೆ ಒಂದು ವಾರ ಹೀಗೇ ಹೋಯಿತು. ಅಡುಗೆ ಮಾಡಿದೆ, ಬಡಿಸಿದೆ, ಕುಶಲನನ್ನು ಡೇಕೇರಿಗೆ ಬಿಟ್ಟು ಕರೆತಂದೆ, ಮುಖ ಮಾತ್ರ ಊದಿಸಿಕೊಂಡೇ ಇದ್ದೆ. ಅಳಿಯಂದಿರು ಪಾಪ, ಅತ್ತೆಯವರಿಗೆ ಮಂಡಿ ನೋವು ಜಾಸ್ತಿಯಾಗಿದೆ ಎಂದುಕೊಂಡು ಎಣ್ಣೆ ತಂದುಕೊಟ್ಟರು. ಸಿಟ್ಟು ಬಂದದ್ದು ಅವಳ ಮಾತು ಸುಳ್ಳು ಎಂದಲ್ಲ. ಹೋದ ವರ್ಷ ಕೈ ಮೇಲೆ ಕಾದ ಎಣ್ಣೆ ಬಿದ್ದಾಗ ನಾನು ಸೆರಗು ಮುಚ್ಚಿಕೊಂಡು ಓಡಾಡಿದೆ, ಗುಳ್ಳೆ ಒಡೆದ ಮೇಲಷ್ಟೇ ನಿಮಗೂ ಗೊತ್ತಾದದ್ದು. ಹೇಳಬಾರದೇನೇ ಎಂದು ನೀವೂ ಅಂದಿರಿ. ಇಷ್ಟು ವರ್ಷ ಮಕ್ಕಳಿಗೆ ನೋವಾಗಲ್ಲ ನೋವಾಗಲ್ಲ ಎಂದು ಹೇಳಿ ಹೇಳಿ, ನನ್ನ ಮೈಗೂ ಅದನ್ನೇ ಹೇಳಿ ಅಭ್ಯಾಸವಾಗಿದೆ. ಅದನ್ನು ನಾನು ಧೈರ್ಯ ಎಂದುಕೊಂಡಿದ್ದೆ. ಇರಬಹುದು, ನಮ್ಮ ವಾರ್ಡಿಗೆ ಅದೇ ಧೈರ್ಯ ಬೇಕಿತ್ತು. ನನ್ನ ಮಗಳಿಗೆ ಬೇಕಾದದ್ದು ಬೇರೆ, ಅದು ಕೋರಾ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ ಎಂದರೆ ಹೊಟ್ಟೆ ಉರಿಯದೇ ಇರುತ್ತದೆಯೇ, ನೀವೇ ಹೇಳಿ.

ಮೊನ್ನೆ ಮಂಗಳವಾರ ನಿಸರ್ಗಾಗೆ ರಜ. ತಿಂಡಿಯಾದ ಮೇಲೆ ನಾನೇ ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಬಳೆ ತೆಗೆದಿಟ್ಟು, ಎಡಗೈ ಚಾಚಿ ಕೂತೆ. ಕೋರಾ ಮನೆಯಿಂದ ತಂದದ್ದು ಏನಿದೆಯೋ ತಗೊಂಡು ಬಾ ಎಂದೆ. ಅವಳು ಬೇಡಮ್ಮ, ನಿನ್ನ ನರ ಜಾರುತ್ತೆ ಎಂದಳು. ಜಾರಲಿ, ಸುಲಭದ್ದರಲ್ಲಿ ಕಲಿಯುವುದೇನಿದೆ ಎಂದೆ. ನೋವಾದ್ರೆ ಹೇಳ್ತೀಯಾ ಎಂದಳು. ಹೇಳುತ್ತೇನೆ ಎಂದೆ. ಅಳಿಯಂದಿರಿಗೆ ರಕ್ತ ನೋಡಿದರೆ ಆಗುವುದಿಲ್ಲ. ಆಫೀಸಿಗೆ ಹೊತ್ತಾಯಿತು ಎಂದು ಕುಶಲನನ್ನೂ ಎತ್ತಿಕೊಂಡು ಅವಸರವಾಗಿ ಹೊರಟರು.

ನರ ಉಬ್ಬಲೆಂದು ಕೈಗೆ ಪಟ್ಟಿ ಕಟ್ಟಿದಳು. ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಬೆರಳು ನಡುಗುತ್ತಿತ್ತು, ನನ್ನ ಚರ್ಮಕ್ಕೆ ಗೊತ್ತಾಗುತ್ತಿತ್ತು. ನಾನು ಸುಮ್ಮನಿರಬೇಕಿತ್ತು. ಎಲ್ಲಿ ಸುಮ್ಮನಿರುತ್ತೇನೆ? ಅಲ್ಲಲ್ಲ, ಸ್ವಲ್ಪ ಮೇಲೆ, ಸೂಜಿ ಇನ್ನೂ ಮಲಗಿಸು, ಚರ್ಮ ಕೆಳಗೆಳೆದು ಹಿಡಿ ಎಂದು ಶುರು ಮಾಡಿದೆ. ಅಷ್ಟೂ ಸಾಲದೆ, ಅವಳು ಚುಚ್ಚುವ ಹೊತ್ತಿಗೆ ಸರಿಯಾಗಿ, ಇಲ್ಲಿ ನೋಡು ಎಂದು ನನ್ನ ಬಲಗೈ ಬೆರಳನ್ನೇ ತಂದು ನರದ ಮೇಲಿಟ್ಟೆ. ನರ ಪಕ್ಕಕ್ಕೆ ಜಾರಿತು, ಸೂಜಿ ತಪ್ಪಿತು. ಚುಚ್ಚಿಸಿಕೊಳ್ಳುವವಳೇ ಚುಚ್ಚುವುದನ್ನು ಕಲಿಸಲು ಹೊರಟರೆ ಇನ್ನೇನಾಗುತ್ತದೆ? ತಪ್ಪು ನನ್ನದು ಎಂದು ಹೇಳುವಷ್ಟರಲ್ಲಿ ಅವಳು ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು, ನನ್ನ ಮುಖ ನೋಡಿ, ಒಬ್ಬರೇ ಮಾತಾಡಬೇಕು ಅಮ್ಮ, ಅದು ನಾನು ಎಂದಳು. ಗದರಲಿಲ್ಲ. ಆದರೆ ಆ ದನಿಗೆ ನನ್ನ ಬಲಗೈ ತಾನಾಗಿ ತೊಡೆಯ ಮೇಲೆ ಬಂದು ಕೂತಿತು.

ಎರಡನೇ ಸಲ ಮಣಿಕಟ್ಟಿನ ಹತ್ತಿರ ಚುಚ್ಚಿದಳು. ಅಲ್ಲಿ ಎಷ್ಟು ನೋಯುತ್ತದೆ ಎಂದು ಇಷ್ಟು ವರ್ಷ ಬೇರೆಯವರಿಗೆ ಚುಚ್ಚಿದ ನನಗೆ ಗೊತ್ತೇ ಇರಲಿಲ್ಲ. ಬಾಯಿಯಲ್ಲಿ, ಏನಿಲ್ಲ ಏನಿಲ್ಲ ಎಂದು ಬರುತ್ತಿದ್ದುದನ್ನು ನುಂಗಿಕೊಂಡು, "ನೋಯ್ತಿದೆ ಕಣೇ" ಎಂದೆ. "ಗೊತ್ತಮ್ಮ, ಅಲ್ಲಿ ನೋಯುತ್ತೆ. ಕೈ ಹಾಗೇ ಇಟ್ಕೋ" ಎಂದಳು. ರೀ, ಅದು ನಮ್ಮ ಹುಡುಗಿಯ ದನಿಯಲ್ಲ. ವಾರ್ಡಿನ ಸಿಸ್ಟರ್ ದನಿ. ನನಗೆ ಇದ್ದಕ್ಕಿದ್ದಂತೆ ಅಳು ಬಂತು, ಅತ್ತುಬಿಟ್ಟೆ. ನರ ಸಿಗಲಿಲ್ಲ. ಸೂಜಿಯನ್ನು ಒಂದಿಷ್ಟು ಹಿಂದಕ್ಕೆಳೆದು ನೋಡಿದಳು, ಆದರೂ ಸಿಗಲಿಲ್ಲ. ಆದರೆ ಆ ಹೊತ್ತಿಗೆ ಅವಳ ಬೆರಳಿನ ನಡುಕ ನಿಂತಿತ್ತು. ಸೂಜಿ ತೆಗೆದು, ಬ್ಯಾಂಡೇಜು ಅಂಟಿಸಿ, ಎರಡಾಯ್ತು, ಇಷ್ಟೇ ಎಂದಳು. ಇನ್ನೊಂದು ಸಲ ನೋಡು, ಈ ಸಲ ಖಂಡಿತ ಸಿಗುತ್ತೆ ಎಂದು ನಾನು ಬಲಗೈ ಚಾಚಿದೆ. ಅವಳು ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು. ಮಗುವಾಗಿದ್ದರೆ ಮೂರನೇ ಸಲ ಚುಚ್ಚುತ್ತಿರಲಿಲ್ಲ, ನಿನಗೂ ಚುಚ್ಚುವುದಿಲ್ಲ ಎಂದಳು.

ಇಷ್ಟೆಲ್ಲ ಆದ ಮೇಲೆ ಮಂಕಾಗಿ ಕೂರುತ್ತಾಳೆ ಎಂದುಕೊಂಡೆ. ಕೂರಲಿಲ್ಲ. ಎರಡು ಸಲವೂ ತಪ್ಪಿದವಳು ಉಪ್ಸಾರಿಗೆ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡಳು. ನನ್ನ ಕೈಗೆ ಐಸ್ ಇಟ್ಟಳು. ಯಾಕೆ ತಪ್ಪಿತು ಎಂದು ತಾನೇ ಬಿಡಿಸಿ ಹೇಳಿದಳು, ಮೊದಲನೆಯದು ನಿನ್ನ ಬೆರಳಿಂದ, ಎರಡನೆಯದು ನಾನು ಅವಸರ ಮಾಡಿದ್ದರಿಂದ ಎಂದು. ಆತ್ಮವಿಶ್ವಾಸ ಎಂದರೆ ಸೂಜಿ ತಪ್ಪದೇ ಇರುವುದು ಎಂದು ನಾನು ತಿಳಿದಿದ್ದೆ. ನನಗೆ ತಪ್ಪಿದ್ದೆಲ್ಲ ಯಾರಿಗೂ ಕಾಣದ ಹಾಗೆ ಸೀರೆಯ ಸುತ್ತಿನೊಳಗೇ ಹೋಯಿತು. ಇವಳದು ತಾಯಿಯ ಕಣ್ಣೆದುರು, ಅಪ್ಪನ ಕಣ್ಣೆದುರು, ಬಟಾಬಯಲಿನಲ್ಲಿ ತಪ್ಪುತ್ತದೆ. ತಪ್ಪಿದ ಮೇಲೂ ಮಾರನೇ ದಿನ ಅದೇ ಬಾಗಿಲು ತೆಗೆದು ಒಳಗೆ ಹೋಗಬೇಕು. ನನ್ನಿಂದ ಆಗುತ್ತಿತ್ತೋ ಇಲ್ಲವೋ. ಈಗ ನನಗೆ ನನ್ನ ಮಗಳ ಮೇಲೂ ಒಂದಿಷ್ಟು ಹೊಟ್ಟೆಕಿಚ್ಚು ಶುರುವಾಗಿದೆ, ಇದಕ್ಕೆ ಕೊನೆಯೇ ಇಲ್ಲ.

ಇವತ್ತು ಅವಳು ಡ್ಯೂಟಿಗೆ ಹೋಗಿದ್ದಾಳೆ. ಕೋರಾಗೆ ರಜ, ಮಗಳ ಮನೆಗೆಂದು ಬರ್ಕ್ಲಿಗೆ ಹೋಗಿದ್ದಾಳಂತೆ. ಬಾಗಿಲಲ್ಲಿ ನಿಂತು ಕರೆದರೆ ಓಡಿಬರಲು ಅವಳಿಲ್ಲ. ಸ್ಯಾನ್ ರಮೋನಿನವರಿಗೆ ನಾಳೆಯೊಳಗೆ ಉತ್ತರ ಕೊಡಬೇಕು. ಏನು ಕೊಡುತ್ತಾಳೆ ಎಂದು ನಾನು ಕೇಳಿಲ್ಲ. ಕೇಳಿದರೆ ನನಗೆ ಬೇಕಾದ ಉತ್ತರ ನನ್ನ ಮುಖದ ಮೇಲೆ ಬರೆದಿರುತ್ತದೆ, ಅದನ್ನು ಓದಿ ಒಪ್ಪಿಸುತ್ತಾಳೆ. ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟೆ, ಅಷ್ಟೇ. ನೀವೂ ಭಾನುವಾರ ಅವಳು ಫೋನು ಮಾಡಿದಾಗ ಕುರ್ಚಿ ಕೆಲಸದ ಗುಣಗಾನ ಮಾಡಬೇಡಿ. ಅವಳು ಬಿಟ್ಟರೂ ಸರಿ, ಉಳಿದರೂ ಸರಿ, ಊಟ ಆಯ್ತಾ ಮಗಳೇ ಎಂದು ಕೇಳಿ ಸುಮ್ಮನಾಗಿ. ನಿಮ್ಮ ಮಾತನ್ನು ಅವಳು ತೆಗೆದುಹಾಕುವುದಿಲ್ಲ, ಅದೇ ನನಗೆ ಭಯ.

ಮಾತ್ರೆ, ಟವೆಲ್ಲು ಎರಡೂ ನೆನಪಿರಲಿ. ಮಹಡಿಯ ಬಾಡಿಗೆಯವರ ಮಗುವಿಗೆ ಲಸಿಕೆಯ ದಿನ ಬಂತು, ನೆನಪಿಸಿ. ನಿಮ್ಮ ತಂಗಿಗೆ ನಾನು ಕೇಳಿದೆ ಎಂದು ಹೇಳಿ, ಕಾಸಿನ ಸರದ ವಿಷಯ ಬರೆದದ್ದನ್ನು ಮಾತ್ರ ಹೇಳಬೇಡಿ. ಕುಶಲ್ ತಾತನಿಗೆ ಮುತ್ತು ಕಳಿಸಿದ್ದಾನೆ. ಡಿಸೆಂಬರಿನಲ್ಲಿ ಬರುತ್ತೇನೆ, ಅಲ್ಲಿಯ ತನಕ ಗಿರಣಿಯನ್ನೂ ನಿಮ್ಮನ್ನೂ ಚಾಮುಂಡಿತಾಯಿ ನೋಡಿಕೊಳ್ಳಲಿ.

ಇಂತಿ ನಿಮ್ಮ,
ಶಿವನಂಜಮ್ಮ

ಮರೆತ ಮಾತು: ನಸೀಮಾಳ ಕಾರು ಬಾಗಿಲಲ್ಲಿ ನಿಂತಿದೆ, ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ನಿಸರ್ಗಾ ಈಗ ಬಂದಳು, ಬ್ಯಾಗು ಇನ್ನೂ ಹೆಗಲ ಮೇಲೇ ಇದೆ. ಮೂರು ವರ್ಷದ ಹುಡುಗಿಗೆ ಡ್ರಿಪ್ ಹಾಕಬೇಕಿತ್ತಂತೆ. ಯಾರನ್ನೂ ಕರೆಯದೆ ತಾನೇ ಒಳಗೆ ಹೋದಳಂತೆ. ಮೊದಲ ಸಲ ತಪ್ಪಿತಂತೆ. ಹುಡುಗಿಯ ತಾಯಿ ಮುಖ ಸಣ್ಣದು ಮಾಡಿಕೊಂಡಳಂತೆ. ತಪ್ಪಿತು, ಇನ್ನೊಂದು ಸಲ ನೋಡುತ್ತೇನೆ, ಅದೂ ಆಗದಿದ್ದರೆ ಬೇರೆಯವರನ್ನು ಕರೆಯುತ್ತೇನೆ ಎಂದು ನೇರವಾಗಿ ಹೇಳಿ ಮತ್ತೆ ಚುಚ್ಚಿದಳಂತೆ. ಸಿಕ್ಕಿತಂತೆ. ಡ್ಯೂಟಿ ಮುಗಿಸಿ ಪಾರ್ಕಿಂಗಿನಲ್ಲಿ ಕೂತೇ ಸ್ಯಾನ್ ರಮೋನಿನವರಿಗೆ ಬರುವುದಿಲ್ಲ ಎಂದು ಬರೆದು ಕಳಿಸಿಬಿಟ್ಟಿದ್ದಾಳೆ. ಅಳಿಯಂದಿರು ಇನ್ನೂ ಆಫೀಸಿನಿಂದ ಬಂದಿಲ್ಲ. ಬಾಗಿಲು ತೆಗೆದವಳು ನಾನು, ಮೊದಲು ಹೇಳಿದ್ದು ನನಗೆ. ಕೋರಾಗೆ ಇನ್ನೂ ಗೊತ್ತಿಲ್ಲ.